ಆಟಿ ತಿಂಗಳ ಕೆಂಪು ಕಾರು

ಗೆಳೆಯರೇ, ಸ್ಕೂಟರಿಗೂ ವರ್ಷಗಟ್ಟಲೆ ಕಾಯಬೇಕಾದ ಈ ಮುಂಬಯಿಯಲ್ಲಿ ನಮ್ಮ ವಿಠಲಣ್ಣ ಇವತ್ತು ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟರು. ವಿಲೆ ಪಾರ್ಲೆಯಲ್ಲಿ ಅವರದೊಂದು ಹೋಟೆಲು, ವಯಸ್ಸು ಅರವತ್ತೆರಡು. ಮೆಟ್ಟಿಲು ಹತ್ತಬಾರದೆಂದು ಹೃದಯದ ಡಾಕ್ಟರು ಹೇಳಿದ್ದಾರೆ. ಜೊತೆಗಿರಲಿ ಎಂದು ನನ್ನನ್ನೂ ದಾದರ್‌ನ ಶೋರೂಮಿಗೆ ಎಳೆದುಕೊಂಡು ಹೋದರು.

ಅಲ್ಲಿ ಎರಡು ಬಾಗಿಲಿನ ಕೆಂಪು ಕಾರೊಂದು ಸಿದ್ಧವಾಗಿ ನಿಂತಿತ್ತು. ಧಾರವಾಡ ಕಡೆಯ ಸೇಲ್ಸ್‌ಮನ್ ಹೇಳಿದ: “ಇದನ್ನ ಆರ್ಡರ್ ಕೊಟ್ಟವರು ಒಯ್ಯಾಕ ಬರಲಿಲ್ಲರಿ, ಅದಕ್ಕ ರೇಟ್ ಕಡಿಮಿ. ಇವತ್ತ ಒಯ್ರಿ. ನಿಮ್ಮ ಮನಸಿನ ಬಣ್ಣ ಬೇಕಂದ್ರ ಹೊಸಾ ಆರ್ಡರ್ ಕೊಡ್ರಿ, ಮೂರು ವರ್ಷ ಹಿಡಿತೈತಿ.”

“ಇದನ್ನೇ ತಗೊಳ್ಳಿ ವಿಠಲಣ್ಣ,” ಎಂದೆ.

“ಎಂತ ಮಾರಾಯ, ಆಟಿ ತಿಂಗಳಲ್ಲಿ ಯಾರಾದ್ರೂ ಹೊಸ ಗಾಡಿ ಮನೆಗೆ ತರ್ತಾರಾ? ಅಶುಭ. ಆರ್ಡರ್ ಕೊಟ್ರೆ ದೋಷ ಇಲ್ಲ.”

ಬಿಳಿ ಬಣ್ಣವೆಂದು ಬರೆದರು. ಆರ್ಡರ್ ಕೊಟ್ಟವರು ನಡುವೆ ತೀರಿಕೊಂಡರೆ ಗಾಡಿ ಯಾರಿಗೆ ಸೇರಬೇಕು ಎಂಬ ಸಾಲೊಂದು ಫಾರ್ಮಿನಲ್ಲಿತ್ತು. ವಿಠಲಣ್ಣ ಪೆನ್ನು ಮುಚ್ಚಿದರು. “ಅಂಥದ್ದೆಲ್ಲ ಆಟಿಯಲ್ಲಿ ಬರೆಯುದಲ್ಲ.”

ಸೇಲ್ಸ್‌ಮನ್ ಕೆಂಪು ಕಾರಿನ ಕಡೆ ನೋಡಿದ. “ಅದನ್ನ ಆರ್ಡರ್ ಕೊಟ್ಟ ಸಾಹೇಬ್ರೂ ಆ ಸಾಲು ಖಾಲಿ ಬಿಟ್ಟಿದ್ರರಿ.”

ವಿಠಲಣ್ಣ ಫಾರ್ಮನ್ನು ಅವನ ಕಡೆ ತಳ್ಳಿ ಹೊರಬಂದರು. ನಾನು ಟ್ಯಾಕ್ಸಿಗೆ ಕೈ ಎತ್ತಿದೆ. “ಕಾರೇ ಬರ್ತದಲ್ಲ, ಟ್ಯಾಕ್ಸಿ ಯಾಕೆ?” ಎಂದು ತಡೆದರು.

ದಾದರ್ ಸ್ಟೇಷನ್ನಿನ ಸೇತುವೆ ಹತ್ತುವಷ್ಟರಲ್ಲಿ ನಾಲ್ಕು ಸಲ ನಿಂತು ಉಸಿರೆಳೆದುಕೊಂಡರು. ಆಟಿ ಮುಗಿಯಲು ಇನ್ನು ಹನ್ನೆರಡೇ ದಿನ. ಕಾರು ಬರಲು ಮೂರು ವರ್ಷ.