ಬಣ್ಣದ ಕೆಳಗಿನ ರಿಂಗು

ಹಿಮವನ್ನು ನಾನು ನೋಡಿಲ್ಲ. ಮಾವನೂ ನೋಡಿಲ್ಲ. ಆದರೂ ಹೋದ ವರ್ಷ, ನಾಯಂಡಹಳ್ಳಿಯ ಅವರ ವರ್ಕ್‌ಶಾಪಿನಲ್ಲಿ, ಹಿಮ ತಳ್ಳುವ ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳಿಗೆ ಸರಪಳಿ ಮಾಡಿದೆವು. ಮಾಡಿದೆವು ಅನ್ನುವುದು ಜಾಸ್ತಿಯಾಯಿತು. ಮಾಡಿದ್ದು ಮಾವ. ಕಾಲೇಜಿನ ಪಾಠದ ಕೆಲಸ ಬಿಟ್ಟು ಮನೆಯಲ್ಲಿದ್ದ ನನ್ನನ್ನು, ಹಿಂದಿ ಬರುತ್ತದೆಂದು, ಫೋನಿನಲ್ಲಿ ಮಾತಾಡಲು ಕರೆಸಿಕೊಂಡಿದ್ದರು.

ಮಾವನದು ಗೇಟು, ಕಿಟಕಿ ಗ್ರಿಲ್‌ಗಳ ಕೆಲಸ. ರಾಜರಾಜೇಶ್ವರಿನಗರದ ಒಂದು ಮನೆಗೆ ಅವರು ಹಾಕಿದ ಗೇಟನ್ನು ನೋಡಿ, ಆ ಮನೆಗೆ ಬಂದಿದ್ದ ಹಿಮಾಚಲದ ಸೇಬು ತೋಟದವರೊಬ್ಬರು ಸರಪಳಿ ಮಾಡಿಕೊಡುತ್ತೀರಾ ಎಂದು ಕೇಳಿದ್ದರು. ಚಳಿಗಾಲದಲ್ಲಿ ತೋಟದಿಂದ ಟಾರು ರಸ್ತೆಯವರೆಗಿನ ದಾರಿಯ ಹಿಮವನ್ನು ಅವರ ತಮ್ಮ ಟ್ರ್ಯಾಕ್ಟರಿನಲ್ಲಿ ತಳ್ಳುತ್ತಾನಂತೆ. ಚಕ್ರಕ್ಕೆ ಸುತ್ತಿದ ಸರಪಳಿ ಕಡಿದುಹೋದರೆ ಗಾಡಿ ಜಾರುತ್ತದೆ. ವಿಡಿಯೋ ಕಳಿಸಿದ್ದರು: ದಾರಿಯ ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಏನೂ ಇಲ್ಲ.

ಗ್ರಿಲ್ ಕೆಲಸದಲ್ಲಿ ಒಂದು ರೂಢಿಯಿದೆ. ಮೊದಲು ಎಲ್ಲ ಜೋಡಣೆಗೂ ಒಂದೊಂದು ಚುಕ್ಕೆ ವೆಲ್ಡಿಂಗ್ ಹಾಕಿ ನಿಲ್ಲಿಸುವುದು. ಆಮೇಲೆ ಒಂದೊಂದನ್ನೇ ಪೂರ್ತಿ ಬೆಸೆಯುವುದು. ಕೊನೆಗೆ ಬಣ್ಣ. ಮಾವ ಸರಪಳಿಯನ್ನೂ ಹಾಗೇ ಮಾಡಿದರು. ಉದ್ದ ಸರಪಳಿಗೆ ಅಡ್ಡ ಸರಪಳಿಗಳನ್ನು ಸೇರಿಸುವ ರಿಂಗುಗಳು ಒಂದು ಚಕ್ರಕ್ಕೆ ಇಪ್ಪತ್ತೆಂಟು. ಪೂರ್ತಿ ಬೆಸೆದ ರಿಂಗಿಗೆ ಸೀಮೆಸುಣ್ಣದ ಗುರುತು ಹಾಕುವುದು ನನ್ನ ಕೆಲಸ. ಮುಖಕ್ಕೆ ಕಪ್ಪು ಗಾಜು ಹಿಡಿದ ಮಾವ ಆ ಗುರುತನ್ನೇ ನಂಬಿ ಮುಂದಿನದಕ್ಕೆ ಹೋಗುತ್ತಿದ್ದರು.

ಮಧ್ಯೆ ಒಮ್ಮೆ ಕರೆಂಟ್ ಹೋಯಿತು. ಟೀ ಕುಡಿದೆವು. ನನ್ನ ಅಂದಿನ ಡೈರಿಯಲ್ಲಿ ಇಷ್ಟೇ ಇದೆ.

ಮೂರು ದಿನದ ನಂತರ ಸರಪಳಿಗಳು ಎರಡು ಸಲ ಕಪ್ಪು ಬಣ್ಣದಲ್ಲಿ ಮುಳುಗೆದ್ದು, ಒಣಗಿ, ಗೋಣಿಚೀಲದ ಪಕ್ಕ ಹೊಳೆಯುತ್ತಾ ಕೂತಿದ್ದಾಗ ನನಗೆ ಇನ್ನೊಂದು ನೆನಪಾಯಿತು. ಕರೆಂಟ್ ಹೋಗುವ ಗಳಿಗೆಯಲ್ಲಿ ಮಾವ ಒಂದು ರಿಂಗಿಗೆ ಆಗಷ್ಟೇ ಕೈಹಾಕಿದ್ದರು. ಹೇಗೂ ಮುಗಿಸುತ್ತಾರಲ್ಲ ಎಂದು ನಾನು ಮೊದಲೇ ಗುರುತು ಎಳೆದಿದ್ದೆ. ಎಳೆದಿದ್ದೆನೇ? ಸೀಮೆಸುಣ್ಣ ಕೈಯಲ್ಲಿದ್ದದ್ದು ನೆನಪಿದೆ. ಎಳೆದದ್ದು ನೆನಪೋ, ಹೆದರಿಕೆ ಕಟ್ಟಿಕೊಟ್ಟ ಚಿತ್ರವೋ, ಈಗಲೂ ಹೇಳಲಾರೆ.

ನಾಲ್ಕು ಗಂಟೆಗೆ ಲಾರಿ ಆಫೀಸಿನವರು ಮಾಲು ಒಯ್ಯಲು ಬರುವವರಿದ್ದರು. ಆಗ ಹನ್ನೊಂದೂವರೆ.

"ಮಾವ, ಎಡಗಡೆ ಸರಪಳೀಲಿ ಒಂದು ರಿಂಗು ಬರೀ ಚುಕ್ಕೆ ಮೇಲೆ ನಿಂತಿರಬಹುದು."

"ಇರಬಹುದು ಅಂದ್ರೆ? ಇದೆಯೋ ಇಲ್ವೋ?"

"ಗ್ಯಾರಂಟಿ ಇಲ್ಲ."

"ಎಂ.ಎ. ಓದಿ ಇದೊಂದು ಕಲ್ತಿದೀಯ ನೋಡು, ಯಾವುದಕ್ಕೂ ಗ್ಯಾರಂಟಿ ಕೊಡದೇ ಇರೋದು."

ಬೈಯುತ್ತಲೇ ಸರಪಳಿ ಎಳೆದುಕೊಂಡು ಒಂದೊಂದೇ ರಿಂಗನ್ನು ಬೆರಳಲ್ಲಿ ತಡವಿದರು. ದಪ್ಪ ಬಣ್ಣ ಎಲ್ಲ ಬೆಸುಗೆಯ ಬಾಯಿಗಳನ್ನೂ ಒಂದೇ ಥರ ಮುಚ್ಚಿತ್ತು. ಚಕ್ರಕ್ಕೆ ಕಟ್ಟಿಯೇ ನೋಡೋಣ ಎಂದು, ಟ್ರ್ಯಾಕ್ಟರಿನಲ್ಲಿ ನೀರಿನ ಟ್ಯಾಂಕರ್ ಎಳೆಯುವ ತಮ್ಮ ಗೆಳೆಯನಿಗೆ ಫೋನ್ ಮಾಡಿದರು. ಅವನ ಟ್ರ್ಯಾಕ್ಟರಿನ ಟೈರು ಹಿಮಾಚಲದವರದ್ದೇ ಅಳತೆ.

ಕೆಂಗೇರಿಯ ಹತ್ತಿರ, ಪಾಯ ತೋಡಿ ಬಿಟ್ಟಿದ್ದ ಸೈಟೊಂದರಲ್ಲಿ ಜೇಡಿಮಣ್ಣಿನ ದಿಬ್ಬವಿತ್ತು. ಗೆಳೆಯ ಟ್ಯಾಂಕರಿನ ವಾಲ್ವ್ ತಿರುಗಿಸಿ ದಿಬ್ಬವನ್ನೆಲ್ಲ ನೆನೆಸಿದ.

"ಗುರು, ಇದು ಹಿಮಾನಾ?"

"ನಿಂಗೆ ಗೊತ್ತಾ ಹಿಮ ಹೆಂಗಿರತ್ತೆ?"

"ನಮ್ಮನೆ ಫ್ರಿಜ್ಜಲ್ಲಿ ಇದೆ. ಅದರ ಮೇಲೆ ಟ್ರ್ಯಾಕ್ಟರ್ ಹತ್ಸಕ್ಕೆ ಹೆಂಡ್ತಿ ಬಿಡಲ್ಲ."

ಟ್ಯಾಂಕರ್ ಬಿಚ್ಚಿಟ್ಟು, ಸರಪಳಿ ಇಲ್ಲದೆ ಹತ್ತಿಸಿದಾಗ ಚಕ್ರ ನಿಂತಲ್ಲೇ ತಿರುಗಿ, ಗಾಡಿ ಅಡ್ಡಕ್ಕೆ ಜಾರಿ ಹಿಂದೆ ಬಂತು. ಅದನ್ನು ನೋಡಿದಾಗ ವಿಡಿಯೋದಲ್ಲಿನ ಆ ಏನೂ ಇಲ್ಲದ ಪಕ್ಕ ಕಣ್ಣೆದುರು ಬಂತು. ಸರಪಳಿ ಕಟ್ಟಿ ಹತ್ತಿಸಿದರು. ಕಚ್ಚಿಕೊಂಡು ಏರಿತು. ಎರಡನೆಯ ಸಲವೂ ಏರಿತು. ಗೆಳೆಯ ಮೇಲಿನಿಂದ ನನಗೆ ಕೈ ಮುಗಿದ. "ಅಮ್ಮಾ ತಾಯಿ, ಸುಮ್ನೆ ಗಾಬರಿ ಬೀಳಿಸ್ತೀಯ!"

"ಟ್ಯಾಂಕಲ್ಲಿ ಅರ್ಧ ನೀರಿದೆಯಲ್ಲ, ಹಿಂದೆ ಕಟ್ಕೊಂಡೇ ಹತ್ಸು," ಅಂದರು ಮಾವ. ನನ್ನನ್ನು ದೂರಕ್ಕೆ, ಕಾಂಪೌಂಡ್ ಗೋಡೆಯ ಹಿಂದಕ್ಕೆ ಕಳಿಸಿದರು.

ದಿಬ್ಬದ ಅರ್ಧಕ್ಕೆ ಬರುವಷ್ಟರಲ್ಲಿ ಟಪ್ ಎಂದಿತು. ಸರಪಳಿಯ ತುಂಡೊಂದು ಮಡ್‌ಗಾರ್ಡಿಗೆ ಬಡಿಯಿತು, ಮತ್ತೆ ಬಡಿಯಿತು. ಗೆಳೆಯ ಬ್ರೇಕ್ ಒತ್ತಿ, ಕಲ್ಲಿನಂತೆ ಕೂತ. ಮಾವ ಓಡಿಹೋಗಿ ಟ್ಯಾಂಕರಿನ ಚಕ್ರಕ್ಕೆ ಕಲ್ಲು ಕೊಟ್ಟರು. ಆಮೇಲೆ ಬಗ್ಗಿ ನೋಡಿದರು. ರಿಂಗು ಬಾಯಿ ಬಿಟ್ಟಿತ್ತು. ಒಳಗೆ ಗೋಧಿಕಾಳಿನಷ್ಟು ವೆಲ್ಡಿಂಗ್, ಮಿಕ್ಕಿದ್ದೆಲ್ಲ ಬಣ್ಣ.

ಬಿಟ್ಟುಕೊಂಡದ್ದು ಬಲಗಡೆಯ ಸರಪಳಿ.

ನಾನು ಹೇಳಿದ್ದು ಎಡಗಡೆ. ನನ್ನ ನೆನಪು ಪಕ್ಕ ತಪ್ಪಿತ್ತೇ? ಅಥವಾ ನಾನು ಹೇಳಿದ ರಿಂಗು ಎಡಗಡೆ ಇನ್ನೂ ಹಾಗೇ ನಿಂತಿದೆಯೇ? ಮಾವ ನನ್ನ ಮುಖ ನೋಡಿದರು. ಕೇಳಲಿಲ್ಲ. ಕೇಳಿದ್ದರೆ ಯಾವುದಾದರೂ ಒಂದು ಉತ್ತರ ಕೊಟ್ಟುಬಿಡುತ್ತಿದ್ದೆನೇನೋ.

ವರ್ಕ್‌ಶಾಪಿಗೆ ತಂದು ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಬಣ್ಣವನ್ನೆಲ್ಲ ಕಿತ್ತರು. ಲಾರಿ ಆಫೀಸಿನ ಟೆಂಪೋ ಬಂದು ಹಾರ್ನ್ ಹೊಡೆದು, ಖಾಲಿ ಹೋಯಿತು. ಎಡಗಡೆಯದರಲ್ಲಿ ಇನ್ನೊಂದು ಸಿಕ್ಕಿತು. ಪೂರ್ತಿ ಬೆಸೆದದ್ದೇ, ಆದರೆ ಬೆಸುಗೆ ಒಂದು ಪಕ್ಕ ಕಬ್ಬಿಣಕ್ಕೆ ಹಿಡಿದಿರಲಿಲ್ಲ. ಅದು ಸೀಮೆಸುಣ್ಣದ ತಪ್ಪಲ್ಲ. ಮಾವ ಅದನ್ನು ಹೆಬ್ಬೆರಳಲ್ಲಿ ಉಜ್ಜಿದರು.

"ಫೋನ್ ಮಾಡಿ ಹೇಳು ಅವರಿಗೆ," ಎಂದರು ಕೊನೆಗೆ. "ಇದ್ದದ್ದು ಇದ್ದಂಗೆ. ಮತ್ತೆ ಬೆಸೆದು, ಬಣ್ಣ ಹೊಡೀದೆ ಕಳಿಸ್ತೀವಿ, ಬೆಸುಗೆ ಕಣ್ಣಿಗೆ ಕಾಣ್ಲಿ ಅನ್ನು."

ಹೇಳಿದೆ. ಆ ಕಡೆ ತೋಟದವರು ಬೈಯಲಿಲ್ಲ. ತಮ್ಮನನ್ನು ಕರೆದು ಏನೋ ಅಂದರು. ಹಿಂದಿನಿಂದ ಬಂದ ಅವನ ದನಿ ನನಗೆ ಕೇಳಿದ್ದು ಅದೇ ಮೊದಲು. ಮೋಡ ಕಟ್ಟಿದೆ, ಹಿಮ ಇನ್ನೂ ಬಿದ್ದಿಲ್ಲ, ಕಾಯುತ್ತೇವೆ ಎಂದರು ತೋಟದವರು. ಆಮೇಲೆ ಕೇಳಿದರು: ಕೆಟ್ಟವು ಎಷ್ಟು ಸಿಕ್ಕವು?

"ಎರಡು," ಅಂದೆ.

ಎರಡೇನಾ, ಖಚಿತವಾಗಿ?

ಲೈನಿನಲ್ಲಿರಿ ಎಂದು ಫೋನನ್ನು ಮೇಜಿನ ಮೇಲಿಟ್ಟು, ಸರಪಳಿಯ ಪಕ್ಕ ನೆಲದಲ್ಲಿ ಕೂತು, ಮೊದಲನೆಯ ರಿಂಗಿನಿಂದ ಮತ್ತೆ ನೋಡಲು ಶುರುಮಾಡಿದೆ.