ಕಿಟಕಿಯ ಕೆಳಗಿನ ಇಟ್ಟಿಗೆ

ಶಶಿಕಲಾಳ ಮನೆಯಲ್ಲಿ ಮುನಿತಾಯಮ್ಮನ ಕೆಲಸ ಶುರುವಾಗುತ್ತಿದ್ದುದು ಮುಂದಿನ ಕೋಣೆಯ ಕಿಟಕಿಯಿಂದ. ಪಾತ್ರೆ, ನೆಲ, ಬಟ್ಟೆ ಎಲ್ಲ ಆಮೇಲೆ. ಕಿಟಕಿಯ ಬುಡಕ್ಕೆ ಹಾಸಿದ್ದ ಕಡಪಾ ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ, ಅಂಗೈಯನ್ನು ಅದರ ಎಡತುದಿಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ನಂತರ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ನಮ್ಮ ಮುನಿತಾಯಮ್ಮನಿಗೆ ದೇವರ ಮನೆಗಿಂತ ಆ ಕಲ್ಲೇ ಹೆಚ್ಚು ಎಂದು ಶಶಿಕಲಾ ನೆಂಟರೆದುರು ನಗುತ್ತಿದ್ದಳು. ಮುನಿತಾಯಮ್ಮನೂ ನಗುತ್ತಿದ್ದಳು. ಕಾರಣ ಯಾರೂ ಕೇಳಲಿಲ್ಲ, ಅವಳು ಹೇಳಲೂ ಇಲ್ಲ.

ಅವಳು ಮದುವೆಯಾಗಿ ಬಂದದ್ದು ಇಟ್ಟಿಗೆ ಗೂಡಿಗೆ. ಉಲ್ಲಾಳದಾಚೆ, ಈಗ ಲೇಔಟುಗಳ ಕಾಂಪೌಂಡು ಎದ್ದಿರುವ ಕಡೆ, ಆಗ ಕೆರೆಯಂಗಳವಿತ್ತು. ಗಂಡ ಮುನಿಯಣ್ಣ ಕೆರೆಯ ಗೋಡುಮಣ್ಣು ಹೊತ್ತು ತಂದು, ನೀರು ಬಿಟ್ಟು ತುಳಿದು, ಹದ ಮಾಡುತ್ತಿದ್ದ. ಅವಳು ಮರದ ಅಚ್ಚಿಗೆ ಮಣ್ಣು ಬಡಿದು, ಅಚ್ಚೆತ್ತಿ, ಹಸಿ ಇಟ್ಟಿಗೆಗಳನ್ನು ಸಾಲಾಗಿ ಬಿಡುತ್ತ ಹಿಂದಕ್ಕೆ ಸರಿಯುತ್ತಿದ್ದಳು. ಇಟ್ಟಿಗೆ ಬಿಡುವವರು ಹಿಂದಕ್ಕೇ ನಡೆಯಬೇಕು. ಮಾಡಿದ್ದೆಲ್ಲ ಕಣ್ಣ ಮುಂದೆ ಇರುತ್ತದೆ, ಬೆನ್ನ ಹಿಂದೆ ಏನಿದೆಯೋ ಕಾಣುವುದಿಲ್ಲ.

ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಮುನಿಯಣ್ಣನ ತಾಯಿಯ ಹೆಸರೇ ಇಟ್ಟಿದ್ದರು, ರಾಮಕ್ಕ. ಅಷ್ಟು ದೊಡ್ಡ ಹೆಸರಿನ ಅಷ್ಟು ಸಣ್ಣ ಹುಡುಗಿಯನ್ನು ಗೂಡಿನವರೆಲ್ಲ ‘ರಾಮಕ್ಕನೋರೇ’ ಎಂದು ಕರೆದು ಆಡಿಸುತ್ತಿದ್ದರು. ಒಂದು ಮಧ್ಯಾಹ್ನ ರಾಮಕ್ಕನೋರು ಹೊಂಗೆಮರದ ನೆರಳಿನಿಂದ ಎದ್ದು ಬಂದು ಹಸಿ ಇಟ್ಟಿಗೆಯ ಸಾಲಿನ ಮೇಲೆ ನಡೆದರು. ಕೆಲವು ಇಟ್ಟಿಗೆಗಳ ಅಂಚು ಜರಿಯಿತು, ಕೆಲವು ಚಪ್ಪಟೆಯಾದವು. ಒಂದರ ಮೇಲೆ ಮಾತ್ರ ಎಡಗಾಲು ಹಿಮ್ಮಡಿಯಿಂದ ಬೆರಳಿನ ತನಕ ಪೂರ್ತಿ ಮೂಡಿತು.

ತುಳಿದ ಇಟ್ಟಿಗೆಯನ್ನು ಮತ್ತೆ ಗುಂಡಿಗೆ ಹಾಕಿ ಕಲಸುವುದು ಪದ್ಧತಿ. ಮುನಿಯಣ್ಣ ಗೊಣಗುತ್ತ ಒಂದೊಂದಾಗಿ ಎತ್ತಿ ಹಾಕಿದ. ಮುನಿತಾಯಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೊಡದ ನೀರಲ್ಲಿ ಕಾಲು ತೊಳೆದು, ಬೆರಳ ಸಂದಿಯ ಕೆಸರನ್ನು ಉಗುರಿನಿಂದ ಬಿಡಿಸುತ್ತಿದ್ದವಳು ತಲೆಯೆತ್ತಿದಳು.

“ಅದೊಂದು ಇರ್ಲಿ ಬಿಡು. ಮದ್ವೆ ದಿನ ಗಂಡಿಗೆ ತೋರಿಸ್ಬೇಕು, ಎಂಥಾ ಪುಂಡೀನ ಕಟ್ಕೊಂತಿದೀಯಪ್ಪ ಅಂತ.”

ಇಟ್ಟಿಗೆ ಒಣಗಿತು. ಗೂಡು ಜೋಡಿಸುವ ದಿನ ಅದನ್ನು ಎಲ್ಲಿಡಬೇಕೆಂದು ಅವಳೇ ಆರಿಸಿದಳು. ಹೊರ ಅಂಚಿನ ಇಟ್ಟಿಗೆಗಳು ಅರೆಬರೆ ಬೇಯುತ್ತವೆ. ಅವನ್ನು ಲಾರಿಯವರು ಮುಟ್ಟುವುದಿಲ್ಲ, ಗೂಡಿನ ಪಕ್ಕದಲ್ಲೇ ಬಿದ್ದಿದ್ದು ಮಳೆಗೆ ಕರಗಿ ಮಣ್ಣಾಗುತ್ತವೆ. ಒಲೆಬಾಯಿಯ ಹತ್ತಿರದವು ಮಾತ್ರ ಕೆಂಪಾಗಿ ಬೆಂದು, ತಟ್ಟಿದರೆ ಕಂಚಿನ ಹಾಗೆ ಸದ್ದು ಕೊಡುತ್ತವೆ. ಮಗಳ ಹೆಜ್ಜೆ ಕರಗಬಾರದು ಎಂದು ಅವಳು ಆ ಇಟ್ಟಿಗೆಯನ್ನು ಒಲೆಬಾಯಿಗೆ ಹತ್ತಿರವೇ ಇಟ್ಟಳು.

ಗೂಡಿಗೆ ಬೆಂಕಿ ಕೊಟ್ಟ ಮೇಲೆ ಮಗುವಿಗೆ ಜ್ವರ ಬಂತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ವಾಪಸು ಬಂದಾಗ ಗೂಡು ಇನ್ನೂ ಬಿಸಿಯಿತ್ತು, ಮಗುವಿನ ಮೈ ತಣ್ಣಗಾಗಿತ್ತು.

ಕಾರ್ಯ ಮುಗಿಸಿ ಮುನಿತಾಯಮ್ಮ ಗೂಡಿನ ಹತ್ತಿರ ಹೋದಾಗ ನಡುವಿನ ಸಾಲುಗಳು ಖಾಲಿಯಾಗಿದ್ದವು. ಒಳ್ಳೆಯ ಇಟ್ಟಿಗೆಯೆಲ್ಲ ಲಾರಿಗೆ ಹೋಗಿತ್ತು. ಅಂಚಿನ ಅರೆಬೆಂದವು ಮಾತ್ರ ಅಲ್ಲೇ ಉಳಿದಿದ್ದವು. ಅವುಗಳ ಮುಂದೆ ಅವಳು ಬಹಳ ಹೊತ್ತು ಕುಳಿತಿದ್ದಳಂತೆ. ಅಂಚಿಗೆ ಇಟ್ಟಿದ್ದರೆ ಸಾಕಿತ್ತು ಎಂಬ ಒಂದು ಮಾತು ಅಂದಿನಿಂದ ಅವಳ ಜೊತೆಗೇ ಉಳಿಯಿತು.

ಮುನಿಯಣ್ಣ ಲಾರಿ ಡ್ರೈವರನ್ನು ವಿಚಾರಿಸಿಕೊಂಡು ಬಸವೇಶ್ವರನಗರಕ್ಕೆ ಹೋದ. ಅಷ್ಟರಲ್ಲಿ ಅಲ್ಲಿ ಕಟ್ಟುತ್ತಿದ್ದ ಮನೆಯ ಗೋಡೆ ಕಿಟಕಿಯ ಮಟ್ಟ ದಾಟಿತ್ತು. ಮೇಸ್ತ್ರಿ ಚನ್ನಮಲ್ಲಪ್ಪನಿಗೆ ಆ ಇಟ್ಟಿಗೆಯ ನೆನಪಿತ್ತು. ಹೆಜ್ಜೆಯ ಗುಳಿ ಗಾರೆಯನ್ನು ಚೆನ್ನಾಗಿ ಹಿಡಿಯುತ್ತದೆಂದು ಅದನ್ನು ಮೇಲ್ಮುಖವಾಗಿ ಇಟ್ಟು, ಮೇಲೆ ಸಿಮೆಂಟು ಸುರಿದು, ಕಡಪಾ ಕಲ್ಲು ಕೂರಿಸಿದ್ದ. ಎಡತುದಿಯಲ್ಲಿದೆ ಎಂದು ಬೆರಳಿಟ್ಟು ತೋರಿಸಿದ. ವಿಷಯ ತಿಳಿದ ಮೇಲೆ ಅವನೇ ಉಳಿ ಕೈಗೆತ್ತಿಕೊಂಡನಂತೆ. ಇಡಿಯಾಗಿ ಬರುತ್ತದೆಯೇ ಎಂದು ಮುನಿಯಣ್ಣ ಕೇಳಿದ. ಮಣ್ಣಿನ ಗಾರೆಯಾಗಿದ್ದರೆ ಬರುತ್ತಿತ್ತು, ಸಿಮೆಂಟು ಬಿಡುವುದಿಲ್ಲ, ಒಡೆಯುತ್ತದೆ ಎಂದ ಚನ್ನಮಲ್ಲಪ್ಪ. ಮುನಿಯಣ್ಣ ಬರಿಗೈಯಲ್ಲಿ ಮರಳಿ ಬಂದು ಹೆಂಡತಿಗೆ ಹೇಳಿದ್ದು ಇಷ್ಟೇ: “ಇರೋ ಕಡೆ ಇರ್ಲಿ. ಒಂದು ಮನೆ ಹೊತ್ಕೊಂಡಿದಾಳೆ.”

ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಕೆರೆ ಬತ್ತಿತು, ಗೂಡು ಮುಚ್ಚಿತು. ಇಬ್ಬರೂ ಕುರುಬರಹಳ್ಳಿಯ ವಠಾರಕ್ಕೆ ಬಂದರು. ಅಲ್ಲಿಂದ ಕೆಲಸ ಹುಡುಕಿ ಹೊರಟ ಮುನಿತಾಯಮ್ಮ ದಾರಿಯಲ್ಲಿ ಸಿಕ್ಕ ಮನೆಗಳನ್ನೆಲ್ಲ ಬಿಟ್ಟು ನೇರವಾಗಿ ಆ ಮನೆಯ ಗೇಟು ತಟ್ಟಿದಳು. ಶಶಿಕಲಾ ಆಗ ಹೊಸ ಮದುವಣಗಿತ್ತಿ. ಅವಳ ಮಗಳು ಸೌಮ್ಯಶ್ರೀ ಹುಟ್ಟಿ, ಆ ಕಡಪಾ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಊಟ ಮಾಡಿ, ಓದಿ, ಮದುವೆಯಾಗಿ ಮೈಸೂರಿಗೆ ಹೋದಳು. ಎಲ್ಲವನ್ನೂ ಮುನಿತಾಯಮ್ಮ ನೋಡಿದಳು. ಈ ನಡುವೆ ಮುನಿಯಣ್ಣ ತೀರಿಕೊಂಡ. ಮನೆಗೆ ಬಣ್ಣ ಬಳಿದಾಗ, ಗ್ರಿಲ್ ಬದಲಾಯಿಸಿದಾಗ ಅವಳು ರಜೆ ಹಾಕದೆ ಅಲ್ಲೇ ನಿಂತಿರುತ್ತಿದ್ದಳು.

ಹೋದ ವರ್ಷ ಒಂದು ಬೆಳಿಗ್ಗೆ ಕಾಫಿ ಕೊಡುತ್ತ ಶಶಿಕಲಾ ವಿಷಯ ಹೇಳಿದಳು. ಮನೆ ಬಿಲ್ಡರಿಗೆ ಕೊಟ್ಟಾಗಿದೆ, ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ, ಮೈದುನಂದಿರಿಗೂ ಒಂದೊಂದು ಫ್ಲಾಟ್ ಬರುತ್ತದೆ.

ಮುನಿತಾಯಮ್ಮ ಲೋಟ ಕೆಳಗಿಟ್ಟು ಗೋಡೆ ನೋಡಿದಳು. ಒಂದೂ ಬಿರುಕಿರಲಿಲ್ಲ.

“ಮನೇಗೆ ಏನಾಗಿದೆಯಮ್ಮ?”

“ಮನೇಗೇನೂ ಆಗಿಲ್ಲ ಮುನಿತಾಯಮ್ಮ. ನಮಗೇ ಆಗಿರೋದು.”

ಬೆಂದ ಇಟ್ಟಿಗೆಗೆ ನೂರು ವರ್ಷ ಲೆಕ್ಕವೇ ಅಲ್ಲ ಎಂದು ಮುನಿಯಣ್ಣ ಹೇಳುತ್ತಿದ್ದ. ಅವನ ಅಜ್ಜನ ಕಾಲದಲ್ಲಿ ಮಣ್ಣಿನ ಗಾರೆಯಲ್ಲಿ ಕಟ್ಟಿದ ಮನೆ ಬಿದ್ದರೆ ಅದೇ ಇಟ್ಟಿಗೆಯನ್ನು ಬಿಡಿಸಿ ಮತ್ತೊಂದು ಮನೆ ಕಟ್ಟುತ್ತಿದ್ದರಂತೆ. ಇಟ್ಟಿಗೆ ಹಳೆಯದಾಗುವ ಮೊದಲೇ ಮನೆ ಹಳೆಯದಾಗುತ್ತದೆ ಎಂದು ಮುನಿತಾಯಮ್ಮನಿಗೆ ಯಾರೂ ಹೇಳಿರಲಿಲ್ಲ.

ಆ ದಿನ ಅವಳು ಕೆಲಸ ಮುಗಿಸಿದ ಮೇಲೂ ಹೊರಡಲಿಲ್ಲ. ಕಿಟಕಿಯ ಕೆಳಗೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು, ಅಳಲಿಲ್ಲ. ಶಶಿಕಲಾ ಕೇಳುತ್ತ ಕೇಳುತ್ತ ತಾನೂ ಕೆಳಗೆ ಕುಳಿತಳು.

“ಇಷ್ಟು ವರ್ಷ ಒಂದು ಮಾತು ಹೇಳಲಿಲ್ವಲ್ಲ ನೀನು.”

“ಹೇಳಿದ್ರೆ ನೀವು ಒಡೆಸಿ ಕೊಡ್ತಿದ್ರಿ. ಒಳ್ಳೆಯವರು. ಅದಕ್ಕೇ ಹೇಳ್ಲಿಲ್ಲ.”

ಶಶಿಕಲಾ ಕಂಟ್ರಾಕ್ಟರಿಗೆ ಫೋನು ಮಾಡಿ, ಜೆಸಿಬಿ ಮುಟ್ಟುವ ಮೊದಲು ಆ ಕಿಟಕಿಯ ಬುಡವನ್ನು ಕೈಯಲ್ಲಿ ಬಿಡಿಸಬೇಕೆಂದು ಒಪ್ಪಿಸಿದಳು. ಕೆಡಹುವ ದಿನ ಇಬ್ಬರೂ ಬಂದರು. ಬಾಗಿಲು, ಕಿಟಕಿಗಳು ಅದಾಗಲೇ ಹೋಗಿದ್ದವು. ಜೆಸಿಬಿ ಓಡಿಸುವ ಭೈರೇಶ್ ಬಾನೆಟ್ಟಿಗೆ ಒರಗಿ ಚಹಾ ಕುಡಿಯುತ್ತಿದ್ದ.

“ಏನಜ್ಜಿ, ಗೋಡೆ ಒಳಗೆ ಚಿನ್ನ ಇಟ್ಟಿದೀರಾ? ಸಿಕ್ರೆ ನಮ್ಗೂ ಒಂಚೂರು ತೋರ್ಸಿ.”

ಮುನಿತಾಯಮ್ಮ ನೇರವಾಗಿ ಕಿಟಕಿಯಿದ್ದ ಕಡೆಗೆ ನಡೆದಳು. ಹಾರೆ ಹಿಡಿದು ನಿಂತಿದ್ದವನು ರೇವಣಸಿದ್ದ, ಕಲಬುರಗಿ ಕಡೆಯವನು. ಶಶಿಕಲಾ ಅವನನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದಳು. ಅವನು ಹಾರೆ ಕೆಳಗಿಟ್ಟು, ಸುತ್ತಿಗೆ ಮತ್ತು ಸಣ್ಣ ಉಳಿ ತಂದ.

“ಯವ್ವಾ, ಇದು ಸಿಮೆಂಟ್ ಐತಿ. ನನ್ನ ಕೈಲಾದಷ್ಟು ಮಾಡ್ತೀನಿ. ಒಡದ್ರ ಬೈಬ್ಯಾಡ್ರಿ.”

ಎಡತುದಿಯ ಪ್ಲಾಸ್ಟರ್ ಉದುರಿತು. ಒಳಗಿನ ಇಟ್ಟಿಗೆ ಈಗ ತಾನೇ ಗೂಡಿನಿಂದ ತೆಗೆದಷ್ಟು ಕೆಂಪಾಗಿತ್ತು. ಅವನು ಸುತ್ತಲೂ ಸಂದಿ ಬಿಡಿಸಿದ, ಉಳಿಯನ್ನು ಮೆಲ್ಲಗೆ ಬಡಿದ, ತಡೆದ, ಮತ್ತೆ ಬಡಿದ. ಮೇಲಿನ ಕಡಪಾ ಕಲ್ಲು ಅಲುಗಾಡಿತು. ಅದನ್ನು ಎತ್ತುತ್ತಿದ್ದಂತೆ ಕೆಳಗಿನ ಇಟ್ಟಿಗೆ ಹೋಳುಹೋಳಾಗಿ ಮುನಿತಾಯಮ್ಮ ಒಡ್ಡಿದ್ದ ಸೆರಗಿಗೆ ಉದುರಿತು.

ರೇವಣಸಿದ್ದ ಕಲ್ಲನ್ನು ಬೋರಲಾಗಿ ರಾಶಿಯ ಮೇಲಿಟ್ಟು ಮುಖ ಒರೆಸಿಕೊಂಡ. ಅವಳು ನೆಲಕ್ಕೆ ಕುಳಿತು ಹೋಳುಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿದಳು. ಒಂದರಲ್ಲಿ ಹಿಮ್ಮಡಿಯ ಅಂಚಿನಷ್ಟು ಗುಳಿಯಿತ್ತು. ಬೆರಳುಗಳಿದ್ದ ಕಡೆ ಪುಡಿಯಾಗಿತ್ತು. ಹುಡುಕಿದಳು, ಮತ್ತೆ ಹೊಂದಿಸಿದಳು. ಹೊಂದಲಿಲ್ಲ.

“ಮುನಿತಾಯಮ್ಮ,” ಎಂದಳು ಶಶಿಕಲಾ. ಅವಳು ಬೋರಲಿಟ್ಟ ಕಲ್ಲನ್ನು ನೋಡುತ್ತಿದ್ದಳು.

ಕಲ್ಲಿನ ಅಡಿಗೆ ಅಂಟಿಕೊಂಡಿದ್ದ ಸಿಮೆಂಟಿನಲ್ಲಿ ಒಂದು ಅಂಗಾಲು ಎದ್ದು ನಿಂತಿತ್ತು. ಗುಳಿಯಲ್ಲ, ಕಾಲೇ. ದುಂಡು ಹಿಮ್ಮಡಿ, ತುಸು ಒಳಗೆಳೆದುಕೊಂಡ ನಡುಭಾಗ, ಐದು ಬೆರಳು. ಇಷ್ಟು ವರ್ಷ ಅವಳು ಅಂಗೈ ಇಡುತ್ತಿದ್ದ ಜಾಗದ ಕೆಳಗೇ.

ಮುನಿತಾಯಮ್ಮ ಹತ್ತಿರ ಸರಿದು ಅದರ ಮೇಲೆ ಕೈಯಿಟ್ಟಳು. ತಕ್ಷಣ ಕೈ ಹಿಂದೆಗೆದಳು.

“ಇಷ್ಟು ಸಣ್ಣದಿರ್ಲಿಲ್ಲ.”

ಆಮೇಲೆ ಅವಳೇ ತನಗೆ ತಾನೇ ಹೇಳಿಕೊಂಡಳು, ಒಣಗುವಾಗ ಇಟ್ಟಿಗೆ ಕುಗ್ಗುತ್ತದೆ, ಬೇಯುವಾಗ ಇನ್ನಷ್ಟು ಕುಗ್ಗುತ್ತದೆ, ಕಾಲೂ ಕುಗ್ಗಿರಬೇಕು. ಒಲೆಬಾಯಿಗೆ ಇಟ್ಟವಳು ತಾನೇ ಅಲ್ಲವೇ.

ಭೈರೇಶ್ ಚಹಾದ ಲೋಟ ಹಿಡಿದು ಬಂದವನು ನೋಡಿದ, ಹಿಂದಕ್ಕೆ ಹೋಗಿ ಜೆಸಿಬಿಯನ್ನು ಮನೆಯ ಹಿಂಭಾಗಕ್ಕೆ ತಿರುಗಿಸಿಕೊಂಡ. ಅಲ್ಲಿ ಅಡುಗೆಮನೆಯ ಗೋಡೆ ಬೀಳುವ ಸದ್ದು ಬಂತು. ಧೂಳು ಎದ್ದು ಮುಂದಿನ ಕೋಣೆಗೂ ಹರಿದು ಬಂದು, ಕಲ್ಲಿನ ಮೇಲೆ, ಬೆರಳುಗಳ ಮೇಲೆ ಕೂತಿತು.

ರೇವಣಸಿದ್ದ ಡ್ರಮ್ಮಿನಿಂದ ಒಂದು ಬಕೆಟ್ ನೀರು ತಂದು ಪಕ್ಕದಲ್ಲಿಟ್ಟ. ಮುನಿತಾಯಮ್ಮ ಸೆರಗಿನಲ್ಲಿದ್ದ ಹೋಳುಗಳನ್ನು ಮಡಿಲಿಗೆ ಸರಿಸಿಕೊಂಡು, ಬೊಗಸೆಯಲ್ಲಿ ನೀರು ತುಂಬಿ ಆ ಕಾಲನ್ನು ತೊಳೆದಳು. ಹಿಮ್ಮಡಿ ತೊಳೆದಳು. ಆಮೇಲೆ ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕೆಂಪು ಮಣ್ಣನ್ನು ಉಗುರಿನಿಂದ ನಿಧಾನವಾಗಿ ಬಿಡಿಸತೊಡಗಿದಳು.