ಫೋನಿನಾಚೆಯ ಬಾಯಾರು

ಅಕ್ಕಲಕೋಟ, ಸೋಲಾಪುರಗಳನ್ನೆಲ್ಲ ನಡುಗಿಸಿದ ಭೂಕಂಪದ ನಂತರ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂತರೆ ನನಗೆ ಉಸಿರು ಕಟ್ಟುತ್ತಿತ್ತು. ಆ ಹೆದರಿಕೆ ಹೇಳಿಕೊಳ್ಳಲು ಅಕ್ಕಲಕೋಟದ ಬಸ್ ಸ್ಟ್ಯಾಂಡಿನೆದುರಿನ ಎಸ್‌ಟಿಡಿ ಬೂತಿನಿಂದ ಸೋಲಾಪುರದ ಆಪ್ತಸಲಹೆಗಾರ್ತಿಯೊಬ್ಬರಿಗೆ ಫೋನ್ ಮಾಡುತ್ತಿದ್ದೆ. ಬೂತಿನ ಗಾಜಿನ ಬಾಗಿಲೂ ಮುಚ್ಚದಂತೆ ಕಾಲು ಅಡ್ಡ ಇಟ್ಟಿರುತ್ತಿದ್ದೆ. ಅವರ ಮುಖ ನಾನು ನೋಡಿಲ್ಲ. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅನ್ನುವ ಹಾಗೆ ಬಾಯಾರ ಎಂದು ಕರೆಯುತ್ತಿದ್ದೆ.

ಅವರು ನನ್ನ ಮನಸ್ಸಿನ ಸುದ್ದಿ ಮೊದಲು ಕೇಳುತ್ತಲೇ ಇರಲಿಲ್ಲ.

"ಮೊದಲ ಹೇಳ್ರಿ, ಅಲ್ಲೇನ ಕಾಣ್ತದ?"

"ವಳಸಂಗದ ಬಸ್ ನಿಂತದರಿ. ಒಬ್ಬಾಕಿ ಕೋಳಿ ಹಿಡಕೊಂಡು ಹತ್ತಾಕತ್ತಾಳ."

"ಕೋಳಿ ಸುಮ್ಮ ಅದ ಏನು?"

ಅಷ್ಟರಲ್ಲಿ ನನ್ನ ಎದೆಬಡಿತ ಇಳಿದಿರುತ್ತಿತ್ತು.

"ಬಾಗಲಾ ಹಾಕ್ರಿ, ಗದ್ದಲದಾಗ ಅವರಿಗೆ ಕೇಳಸೂದಿಲ್ಲ," ಎಂದು ಬೂತಿನವನು ಸಿಡುಕುತ್ತಿದ್ದ. ಬಾಯಾರು ಮಾತ್ರ ಒಮ್ಮೆಯೂ ಹಾಗೆನ್ನಲಿಲ್ಲ. ಯಾಕಿರಬಹುದು ಎಂದು ನನಗೆ ಕುತೂಹಲ. ಅವರ ಕಡೆಯಿಂದಲೂ ತರಕಾರಿ ಮಾರುವವಳ ಮರಾಠಿ ಕೂಗು ಸ್ಪಷ್ಟವಾಗಿ ಕೇಳುತ್ತಿತ್ತು.

ಒಂದು ದಿನ ಮಾತಿನ ನಡುವೆ ಅವರ ಮನೆಯಲ್ಲಿ ಪಾತ್ರೆಗಳು ದಡದಡ ಬಿದ್ದವು. ಆಮೇಲೆ ಅವರ ಏದುಸಿರಷ್ಟೇ ಕೇಳುತ್ತಿತ್ತು. ನನಗೆ ಬೇರೇನೂ ತೋಚಲಿಲ್ಲ.

"ಬಾಯಾರ, ಮೊದಲ ಹೇಳ್ರಿ, ಅಲ್ಲೇನ ಕಾಣ್ತದ?"

ಅವರು ಅಂದರು:

"ಬಾಗಲಾ ಕಾಣ್ತದರಿ. ಮುಚ್ಚಬಾರದಂತ ಕಲ್ಲ ಇಟ್ಟೀನಿ."